ತನ್ನವರನ್ನೇ ಪ್ರಶ್ನಿಸಿದ ಸಂಪಾದಕ

ಗಲಭೆಯ ಸುದ್ದಿ ಬಂದಾಗ ನಾವು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಸತ್ಯವನ್ನೋ, ನಮ್ಮವರ ಪರವಾದ ಮಾತನ್ನೋ? ತಪ್ಪು ನಮ್ಮವರದೇ ಎಂದು ಬರೆದ ಪತ್ರಕರ್ತನನ್ನು ದ್ರೋಹಿಯೆನ್ನುವುದು ಸುಲಭ. ದಕ್ಷಿಣ ಆಫ್ರಿಕದ ಡೊನಾಲ್ಡ್ ವುಡ್ಸ್ ಅವರ ಬದುಕು ನಮ್ಮನ್ನು ಮರುಚಿಂತನೆಗೆ ಕರೆಯುತ್ತದೆ.

ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ ಬಿಳಿಯರ ಕುಟುಂಬದ ವುಡ್ಸ್, 1965ರಲ್ಲಿ ಈಸ್ಟ್ ಲಂಡನ್ ಎಂಬ ಬಂದರು ನಗರದ 'ಡೈಲಿ ಡಿಸ್ಪ್ಯಾಚ್' ಪತ್ರಿಕೆಯ ಸಂಪಾದಕರಾದರು. ವರ್ಣಭೇದ ನೀತಿಯನ್ನು ಅವರು ಖಂಡಿಸುತ್ತಿದ್ದರು. ಆದರೆ ಕರಿಯರಲ್ಲಿ ಆತ್ಮಗೌರವ ಜಾಗೃತಗೊಳಿಸುತ್ತಿದ್ದ ತರುಣ ಸ್ಟೀವ್ ಬೀಕೊ ಬಿಳಿಯರ ದ್ವೇಷಿಯೆಂದೇ ಅವರ ನಂಬಿಕೆ, ಹಾಗೆಯೇ ಬರೆದರು. ಬೀಕೊ ಅವರ ಸಂಗಾತಿ, ವೈದ್ಯೆ ಮಾಂಫೆಲಾ ರಾಂಫೆಲೆ ಇದನ್ನು ನೇರವಾಗಿ ಆಕ್ಷೇಪಿಸಿ, ಬೀಕೊ ಅವರನ್ನು ಭೇಟಿಯಾಗುವಂತೆ ಒತ್ತಾಯಿಸಿದರು. ವುಡ್ಸ್ ಹೋದರು, ಆಲಿಸಿದರು, ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಪರಿಚಯ ಸ್ನೇಹವಾಯಿತು.

1977ರ ಆಗಸ್ಟ್‌ನಲ್ಲಿ ಬಂಧಿತರಾದ ಬೀಕೊ, ಸೆಪ್ಟೆಂಬರ್ 12ರಂದು ಪೊಲೀಸರ ವಶದಲ್ಲಿರುವಾಗಲೇ ತೀರಿಕೊಂಡರು. ಅವರಿಗೆ ಆಗ ಮೂವತ್ತು ವರ್ಷ. ಉಪವಾಸ ಮುಷ್ಕರದ ನಂತರ ಸತ್ತರೆಂದು ಪೊಲೀಸ್ ಮಂತ್ರಿ ಹೇಳಿದರು. ಸ್ನೇಹಿತನ ಪರವಾಗಿ ಬರೆಯುವವನು ನಿಷ್ಪಕ್ಷಪಾತಿಯಾಗಿರಬಲ್ಲನೇ ಎಂದು ನೀವು ಕೇಳಬಹುದು. ವುಡ್ಸ್ ತಮ್ಮ ದುಃಖವನ್ನೇ ಪುರಾವೆಯಾಗಿಸಲಿಲ್ಲ. ಬೀಕೊ ಅವರ ಪತ್ನಿಯೊಡನೆ ಶವಾಗಾರಕ್ಕೆ ಹೋಗಿ ದೇಹದ ಮೇಲಿನ ಗಾಯಗಳನ್ನು ಕಣ್ಣಾರೆ ಕಂಡರು, ತನಿಖೆಗಾಗಿ ಪಟ್ಟುಹಿಡಿದರು. ಸಾವಿಗೆ ಕಾರಣ ತಲೆಯ ಪೆಟ್ಟೆಂದು ಅದೇ ವರ್ಷದ ವಿಚಾರಣೆಯಲ್ಲಿ ಸಿದ್ಧವಾಯಿತು. ಆದರೂ ಯಾರನ್ನೂ ಹೊಣೆಯಾಗಿಸಲಿಲ್ಲ.

ಇದಕ್ಕೆ ವುಡ್ಸ್ ತೆತ್ತ ಬೆಲೆ ದೊಡ್ಡದು. ಅಕ್ಟೋಬರ್ 19ರಂದು ಸರ್ಕಾರ ಅವರ ಮೇಲೆ ಐದು ವರ್ಷಗಳ ನಿರ್ಬಂಧ ಹೇರಿತು: ಬರೆಯುವಂತಿಲ್ಲ, ಸಭೆಯಲ್ಲಿ ಮಾತನಾಡುವಂತಿಲ್ಲ. ಅಂಚೆಯಲ್ಲಿ ಬಂದ ಅಂಗಿಗೆ ಲೇಪಿಸಿದ್ದ ರಾಸಾಯನಿಕ ಅವರ ಪುಟ್ಟ ಮಗಳ ಮೈಯನ್ನು ಸುಟ್ಟಿತು. ವರ್ಷದ ಕೊನೆಯಲ್ಲಿ, ಕಥೋಲಿಕ ಗುರುಗಳ ವೇಷದಲ್ಲಿ ಮನೆ ಬಿಟ್ಟು ಲೆಸೋಥೊ ದೇಶ ತಲುಪಿದರು. ಪತ್ನಿ ಮತ್ತು ಐವರು ಮಕ್ಕಳೂ ಹಿಂಬಾಲಿಸಿದರು.

ಎರಡು ದಶಕಗಳ ನಂತರ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಂಧಾನ ಆಯೋಗದ ಕ್ಷಮಾದಾನ ಸಮಿತಿಯ ಮುಂದೆ ಮಾಜಿ ಪೊಲೀಸರು ಬಂದು ನಿಂತರು. 1999ರಲ್ಲಿ ಸಮಿತಿ ಅವರಿಗೆ ಕ್ಷಮಾದಾನ ನಿರಾಕರಿಸಿತು.

ವುಡ್ಸ್ ತಮ್ಮ ಜನರನ್ನು ದ್ವೇಷಿಸಲಿಲ್ಲ. ಅವರ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಮುಚ್ಚಿಡಲೊಪ್ಪಲಿಲ್ಲ, ಅಷ್ಟೇ. ತಮ್ಮ ಲೇಖನಿಯ ತಪ್ಪನ್ನೂ ಅವರು ಮೊದಲೇ ತಿದ್ದಿಕೊಂಡಿದ್ದರೆಂಬುದನ್ನು ಮರೆಯದಿರೋಣ. ಓದುಗರೇ, ನಾಳೆ ನಮ್ಮವರ ತಪ್ಪನ್ನು ತೋರಿಸುವ ವರದಿಯೊಂದು ನಿಮ್ಮ ಕೈಗೆ ಬಂದರೆ, ಬರೆದವನು ಯಾರ ಕಡೆಯವನೆಂದು ಕೇಳುವ ಮುನ್ನ, ಬರೆದದ್ದು ನಿಜವೇ ಎಂದು ಕೇಳುವಿರಾ?