ಕಡಲಾಚೆಯ ಕೆಳೆತನ

ಕೆಂಕೆರೆಯ ಸೀಮೆಯವರಿಗೆ ತೆಂಗಿನ ನಾರು ಹೊಸದಲ್ಲ. ಪೂರ್ವಕಾಲದಲ್ಲಿ ಅಂತಹ ನಾರಿನ ಹುರಿಯಿಂದಲೇ ಹಲಗೆಗಳನ್ನು ಹೊಲಿದು ಕಟ್ಟಿದ ಹಾಯಿಹಡಗುಗಳು ಅರಬ್ಬೀ ಸಮುದ್ರವನ್ನು ದಾಟುತ್ತಿದ್ದುವು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಟ್ಯುನೀಷಿಯದ ಮಹದಿಯಾ ಪಟ್ಟಣದ ಯೆಹೂದಿ ವರ್ತಕನಾದ ಅಬ್ರಹಾಂ ಬೆನ್ ಯಿಜು ಎಂಬಾತನು ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದು ಸುಮಾರು 17 ವರ್ಷ ನೆಲೆಸಿದನು. ಈ ನಾಡಿನ ಆಶು ಎಂಬ ದಾಸಿಯನ್ನು ಕ್ರಿ. ಶ. 1132ರ ಅಕ್ಟೋಬರಿನಲ್ಲಿ ಬಿಡುಗಡೆಗೊಳಿಸಿದ ಪತ್ರವು ಇಂದಿಗೂ ಉಳಿದಿದೆ.

ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳು ಇಲ್ಲಿಂದ ಏಡನ್ನಿಗೆ ಹೋಗುತ್ತಿದ್ದುವು; ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳು ಬರುತ್ತಿದ್ದುವು. ಗಾಳಿಯು ದಿಕ್ಕು ಬದಲಿಸುವವರೆಗೆ ಸರಕೂ ಇಲ್ಲ, ವರ್ತಮಾನವೂ ಇಲ್ಲ. ಆದುದರಿಂದ ವ್ಯಾಪಾರಕ್ಕೆ ನಂಬಿಕೆಯೇ ಮೂಲಧನವಾಗಿತ್ತು. ಏಡನ್ನಿನ ವರ್ತಕಪ್ರಮುಖನಾದ ಮದ್ಮೂನನೂ ಖಲಫನೂ ಅವನಿಗೆ ಲೆಕ್ಕದೊಡನೆ ಕ್ಷೇಮವನ್ನೂ ಬರೆಯುತ್ತಿದ್ದರು, ಉಡುಗೊರೆಗಳನ್ನೂ ಕಳುಹಿಸುತ್ತಿದ್ದರು.

ಇವರ ನಡುವೆ ಸರಕಿನೊಡನೆ ಸಂಚರಿಸಿದವನು ಬೆನ್ ಯಿಜುವಿನ ದಾಸನೂ ಕಾರ್ಯಕರ್ತನೂ ಆದ ಬೊಮ್ಮ. ಒಮ್ಮೆ ಏಡನ್ನಿನಲ್ಲಿ ಅವನು ಕುಡಿದು ಮದ್ಮೂನನಲ್ಲಿ ಹಣ ಕೇಳಿ ತೊಂದರೆ ಕೊಟ್ಟನೆಂಬ ದೂರೂ ಬಂದಿತ್ತು. ಆದರೂ ಯಜಮಾನನು ಅವನನ್ನು ಕೈಬಿಡಲಿಲ್ಲ. 1148ರ ಪತ್ರದಲ್ಲಿ ಖಲಫನು ಆ ದಾಸನಿಗೂ ವಿಶೇಷ ವಂದನೆಗಳನ್ನು ತಿಳಿಸಿದ್ದಾನೆ.

ಮರುವರ್ಷ ಬೆನ್ ಯಿಜು ಏಡನ್ನಿಗೆ ಮರಳಿದನು. ಕಾಗದಗಳು ಕೈರೋವಿನ ಯೆಹೂದಿ ದೇವಾಲಯದ ಕೊಠಡಿಯಲ್ಲಿ ಶತಮಾನಗಳ ಕಾಲ ಉಳಿದುವು. ಸ್ವರಚಿಹ್ನೆಗಳಿಲ್ಲದ ಆ ಬರಹದಲ್ಲಿದ್ದ ಹೆಸರನ್ನು ‘ಬೊಮ್ಮ’ ಎಂದು ಓದಲು ಅಮಿತಾವ್ ಘೋಷರಿಗೆ ಮಂಗಳೂರಿನ ಬಿ. ಎ. ವಿವೇಕ ರೈಯವರು ನೆರವಾದರು. ಅರಸರಿಗೆ ಶಾಸನಗಳುಂಟು, ಈ ದಾಸನಿಗೆ ಉಳಿದ ಶಾಸನವೆಂದರೆ ದೂರದ ಬಂದರಿನ ಗೆಳೆಯನೊಬ್ಬನ ವಂದನೆ ಮಾತ್ರ.