ಮಖಾನಾ ಖಾರ ತಿನಿಸು: ತಯಾರಿಸುವ ವಿಧಾನ ಹಾಗೂ ಮಾರಾಟಗಾರರಿಗೆ ಮಾಹಿತಿ

ಹುರಿದ ಮಖಾನಾಕ್ಕೆ ಉಪ್ಪು, ಖಾರ ಬೆರೆಸಿದ ತಿನಿಸು ಕಾಲು ಗಂಟೆಯಲ್ಲಿ ಸಿದ್ಧವಾಗುತ್ತದೆ. ಅಲ್ಪ ಬಂಡವಾಳ ಸಾಕಾಗುವುದರಿಂದ ಗೃಹಿಣಿಯರು ಹಾಗೂ ಸ್ವಸಹಾಯ ಗುಂಪುಗಳ ಸದಸ್ಯರು ಇದನ್ನು ಮನೆಯಲ್ಲಿಯೇ ತಯಾರಿಸಿ ಮಾರಾಟ ಮಾಡಬಹುದಾಗಿದೆ. ಆದರೆ ಮಖಾನಾ ಗಾಳಿಯ ತೇವವನ್ನು ಬೇಗನೆ ಹೀರಿಕೊಂಡು ಮೆತ್ತಗಾಗುವ ಪದಾರ್ಥ. ಮೆತ್ತಗಾದ ಮಾಲು ಹಿಂದಿರುಗಿ ಬಂದಲ್ಲಿ ನಷ್ಟ ತಯಾರಕರದೇ ಆಗುತ್ತದೆ. ಆದುದರಿಂದ ಪ್ರತಿ ಹಂತದಲ್ಲಿಯೂ ತೇವವನ್ನು ದೂರವಿಡುವುದೇ ಈ ತಯಾರಿಕೆಯಲ್ಲಿ ಗಮನಿಸಬೇಕಾದ ಮುಖ್ಯ ಅಂಶ.

1. ಮಖಾನಾ ಎಂದರೇನು?

ಅಂಗಡಿಗಳಲ್ಲಿ ಇದನ್ನು ‘ತಾವರೆ ಬೀಜ’ ಎಂದು ಕರೆಯುವುದು ರೂಢಿಯಲ್ಲಿದೆ. ವಾಸ್ತವವಾಗಿ ಇದು ತಾವರೆಯ ಬೀಜವಲ್ಲ. ನೈದಿಲೆಯ ಕುಟುಂಬಕ್ಕೆ ಸೇರಿದ, ಮುಳ್ಳುಗಳಿರುವ ಯೂರಿಯೇಲ್ ಫೆರಾಕ್ಸ್ ಎಂಬ ಜಲಸಸ್ಯದ ಬೀಜ. ದೇಶದ ಮಖಾನಾದ ಬಹುಪಾಲು ಬಿಹಾರ ರಾಜ್ಯದ ದರ್ಭಂಗಾ, ಮಧುಬನಿ, ಪೂರ್ಣಿಯಾ ಮೊದಲಾದ ಜಿಲ್ಲೆಗಳಿಂದ ಬರುತ್ತದೆ. ಕೆರೆಯ ತಳದಿಂದ ಸಂಗ್ರಹಿಸಿದ ಕಪ್ಪು ಬೀಜಗಳನ್ನು ಒಣಗಿಸಿ, ಗಾತ್ರಾನುಸಾರ ಜರಡಿಯಾಡಿ, ಎರಡು ಬಾರಿ ಹುರಿದು, ಬಿಸಿಯಾಗಿರುವಾಗಲೇ ಮರದ ಹಲಗೆಯಿಂದ ಬಡಿದಾಗ ಗಟ್ಟಿ ಸಿಪ್ಪೆ ಒಡೆದು ಬಿಳಿಯ ಅರಳು ಹೊರಬರುತ್ತದೆ. ಹೀಗೆ ಅರಳಿದ ಪದಾರ್ಥವೇ ಮಾರುಕಟ್ಟೆಗೆ ಬರುವುದರಿಂದ ಅದನ್ನು ಮತ್ತೆ ಬೇಯಿಸಬೇಕಾಗಿಲ್ಲ, ಗರಿಗರಿಯಾಗುವಂತೆ ಹುರಿದರೆ ಸಾಕು.

2. ಬೇಕಾಗುವ ಸಾಮಗ್ರಿಗಳು

ಮಖಾನಾ – 50 ಗ್ರಾಂ
ತುಪ್ಪ ಅಥವಾ ಅಡುಗೆ ಎಣ್ಣೆ – 1 ದೊಡ್ಡ ಚಮಚ
ಅಚ್ಚಖಾರದ ಪುಡಿ – ಅರ್ಧ ಚಿಕ್ಕ ಚಮಚ
ಕಾಳುಮೆಣಸಿನ ಪುಡಿ – ಕಾಲು ಚಿಕ್ಕ ಚಮಚ
ಪುಡಿ ಉಪ್ಪು – ಕಾಲು ಚಿಕ್ಕ ಚಮಚ
ಅರಿಶಿನ – ಒಂದು ಚಿಟಿಕೆ
ಕರಿಬೇವು – 1 ಎಸಳು

3. ತಯಾರಿಸುವ ವಿಧಾನ

(ಅ) ಮಖಾನಾವನ್ನು ತಟ್ಟೆಯಲ್ಲಿ ಹರಡಿ, ಸಿಪ್ಪೆಯ ಚೂರು ಹಾಗೂ ಅರಳದ ಗಟ್ಟಿ ಬೀಜಗಳನ್ನು ಆರಿಸಿ ತೆಗೆಯಬೇಕು. ಕೆಲವನ್ನು ಎರಡಾಗಿ ಸೀಳಿ ಒಳಗೆ ಹುಳುವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನೀರಿನಲ್ಲಿ ತೊಳೆಯಬಾರದು.

(ಆ) ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒತ್ತಿ, ನೀರಿನಂಶ ಪೂರ್ಣವಾಗಿ ಆರುವಂತೆ ನೋಡಿಕೊಳ್ಳಬೇಕು.

(ಇ) ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕೈಯಾಡಿಸುತ್ತ ಹುರಿಯಬೇಕು. ಉರಿ ಹೆಚ್ಚಾದಲ್ಲಿ ಹೊರಭಾಗ ಕಂದಿ ಒಳಭಾಗ ಮೆತ್ತಗೆ ಉಳಿಯುತ್ತದೆ. ಒಂದನ್ನು ತೆಗೆದು ಆರಿಸಿ ಬೆರಳುಗಳ ನಡುವೆ ಒತ್ತಿದಾಗ ಪುಡಿಯಾದರೆ ಹದ ಬಂದಿದೆಯೆಂದು ತಿಳಿಯಬೇಕು. ಅದುಮಿಕೊಂಡರೆ ಇನ್ನೂ ಹುರಿಯಬೇಕು.

(ಈ) ಮಖಾನಾವನ್ನು ಬೇರೆ ಪಾತ್ರೆಗೆ ತೆಗೆದು, ಅದೇ ಬಾಣಲೆಯಲ್ಲಿ ತುಪ್ಪ ಕಾಯಿಸಿ ಕರಿಬೇವನ್ನು ಗರಿಗರಿಯಾಗಿಸಬೇಕು. ಒಲೆ ಆರಿಸಿದ ನಂತರವೇ ಅರಿಶಿನ, ಖಾರ, ಮೆಣಸು, ಉಪ್ಪು ಹಾಕಬೇಕು. ಉರಿಯ ಮೇಲೆ ಹಾಕಿದರೆ ಖಾರದ ಪುಡಿ ಸೀದು ಕಹಿಯಾಗುತ್ತದೆ. ಕೂಡಲೇ ಮಖಾನಾ ಸೇರಿಸಿ ಎಲ್ಲೆಡೆ ಹತ್ತುವಂತೆ ಕಲೆಸಬೇಕು.

(ಉ) ಹರಡಿ ಪೂರ್ಣವಾಗಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗಿನ ಹಬೆ ನೀರಾಗಿ ತಿನಿಸು ಕೆಡುತ್ತದೆ.

ಹುಳಿ ಬೇಕೆನಿಸಿದಲ್ಲಿ ನಿಂಬೆರಸದ ಬದಲು ಒಣ ಮಾವಿನಕಾಯಿಯ ಪುಡಿ ಬಳಸುವುದು ಸೂಕ್ತ. ಹೆಚ್ಚಿನ ಪ್ರಮಾಣದಲ್ಲಿ ತಯಾರಿಸುವವರು ಬಾಣಲೆಯ ಅರ್ಧದಷ್ಟು ಮಾತ್ರ ತುಂಬಿ, ಹಲವು ಬಾರಿ ಹುರಿಯತಕ್ಕದ್ದು.

4. ಆರೋಗ್ಯ ಸಂಬಂಧಿ ಸೂಚನೆಗಳು

100 ಗ್ರಾಂ ಮಖಾನಾದಲ್ಲಿ ಸುಮಾರು 9ರಿಂದ 10 ಗ್ರಾಂ ಸಸಾರಜನಕ ಇರುತ್ತದೆ, ಕೊಬ್ಬು ಅತ್ಯಲ್ಪ. ಆದರೆ ಸೇರಿಸುವ ತುಪ್ಪ ಮತ್ತು ಉಪ್ಪು ಈ ಲೆಕ್ಕವನ್ನು ಬದಲಿಸುತ್ತವೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವುಳ್ಳವರು ವಿಶೇಷವಾಗಿ ಗಮನಿಸುವುದು. ಪುಟ್ಟ ಮಕ್ಕಳ ಗಂಟಲಿನಲ್ಲಿ ಸಿಲುಕುವ ಸಂಭವವಿರುವುದರಿಂದ ಅವರಿಗೆ ಇಡಿಯಾಗಿ ಕೊಡಬಾರದು.

5. ಮಾರಾಟ ಮಾಡುವವರ ಗಮನಕ್ಕೆ

ಮನೆಯಲ್ಲಿ ತಯಾರಿಸಿದರೂ, ಮಾರಾಟ ಮಾಡುವುದಾದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ. ಅರ್ಜಿಯನ್ನು ‘ಫಾಸ್ಕಾಸ್’ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ವಹಿವಾಟಿನ ಮಿತಿ ಹಾಗೂ ಶುಲ್ಕದ ವಿವರಗಳನ್ನು ಅರ್ಜಿ ಸಲ್ಲಿಸುವ ದಿನದಂದು ಅದೇ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳುವುದು.

ಪೊಟ್ಟಣದ ಮೇಲೆ ತಿನಿಸಿನ ಹೆಸರು, ಪ್ರಮಾಣದ ಇಳಿಕೆ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ, ಸಸ್ಯಾಹಾರದ ಹಸಿರು ಚಿಹ್ನೆ ಮತ್ತು 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಇರಬೇಕು. ತುಪ್ಪ ಬಳಸಿದಲ್ಲಿ ಹಾಲಿನ ಅಂಶವಿದೆಯೆಂದು, ಕಡಲೆಕಾಯಿ ಬೀಜ ಸೇರಿಸಿದಲ್ಲಿ ಅದನ್ನೂ, ಒಗ್ಗದಿಕೆಯ ಎಚ್ಚರಿಕೆಯಾಗಿ ನಮೂದಿಸಬೇಕು. ಸಾಮಗ್ರಿಗಳ ಪಟ್ಟಿಯಲ್ಲಿ ‘ತಾವರೆ ಬೀಜ’ ಎನ್ನುವ ಬದಲು ‘ಮಖಾನಾ’ ಎಂದೇ ಬರೆಯುವುದು ಸರಿ. ‘ಮಿಥಿಲಾ ಮಖಾನಾ’ ಎಂಬ ಹೆಸರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದರಿಂದ, ಬೇರೆಡೆಯ ಮಾಲಿಗೆ ಆ ಹೆಸರನ್ನು ಬಳಸುವಂತಿಲ್ಲ.

ಅರ್ಜಿ ಸಲ್ಲಿಸಲು ಮಧ್ಯವರ್ತಿಗಳ ಅವಶ್ಯಕತೆ ಇರುವುದಿಲ್ಲ. ಹೆಚ್ಚಿನ ವಿವರಗಳಿಗೆ ಆಯಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.