ಹಳದಿ ಗೂಡು, ಬಿಳಿ ಗೂಡು: ರೇಷ್ಮೆಹುಳುವಿನ ಬಣ್ಣದ ಆನುವಂಶಿಕ ಪರೀಕ್ಷೆಯ ಚರಿತ್ರೆ

ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು ತಳಿಯನ್ನು ಬಣ್ಣದಿಂದಲೇ ಗುರುತಿಸುತ್ತಾರೆ. ಹಳದಿ ಗೂಡಾದರೆ ಸಿ.ಬಿ., ಅಂದರೆ ಮಿಶ್ರತಳಿ. ಬಿಳಿ ಗೂಡಾದರೆ ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ಬೆಳೆಗಾರರಿಗೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾರಾಟದ ಗೂಡಿಗೆ ಈ ಕಣ್ಣಂದಾಜು ಸಾಕು. ಬಿತ್ತನೆ ಗೂಡಿಗೆ ಸಾಲದು ಎಂಬುದು ಈ ಲೇಖನದ ವಾದ. ಏಕೆ ಸಾಲದೆಂಬುದನ್ನು ನೂರು ವರ್ಷಗಳ ಹಿಂದಿನಿಂದ ನೋಡಿಕೊಂಡು ಬರಬೇಕು.

ಮೆಂಡೆಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ, ಸಸ್ಯಗಳಿಗೆ ಒಪ್ಪುವ ಲೆಕ್ಕ ಪ್ರಾಣಿಗಳಿಗೂ ಒಪ್ಪುವುದೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ವಿಲಿಯಂ ಕ್ಯಾಸಲ್ ಮತ್ತು ಇಂಗ್ಲೆಂಡಿನ ಹರ್ಸ್ಟ್ ಮೊಲದ ತುಪ್ಪಳದ ಬಣ್ಣದಲ್ಲಿ ಉತ್ತರ ಹುಡುಕಿ 1905ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಸಯಾಮ್ ದೇಶದಲ್ಲಿ ರೇಷ್ಮೆ ಸಲಹೆಗಾರರಾಗಿದ್ದ ಜಪಾನಿನ ತೊಯಾಮ ಕಾಮೆತಾರೊ, ಸಯಾಮಿನ ಹಳದಿ ಗೂಡಿನ ಹುಳುವನ್ನು ಜಪಾನಿನ ಬಿಳಿ ಗೂಡಿನ ಹುಳುವಿನೊಂದಿಗೆ ಕೂಡಿಸಿದರು. ಮೊದಲ ಪೀಳಿಗೆಯ ಗೂಡುಗಳೆಲ್ಲ ಹಳದಿ. ಎರಡನೆಯ ಪೀಳಿಗೆಯಲ್ಲಿ ಮೂರು ಹಳದಿಗೆ ಒಂದು ಬಿಳಿ. ಈ ಕೆಲಸ 1906ರಲ್ಲಿ ಪ್ರಕಟವಾಯಿತು. ಇಂಥ ಸಂಕರಗಳಿಂದ ಇನ್ನೊಂದು ಸೂಕ್ಷ್ಮವೂ ಹೊರಬಿತ್ತು: ಯುರೋಪಿನ ಕೆಲವು ತಳಿಗಳ ಬಿಳಿ ಹಳದಿಯನ್ನೇ ಅಡಗಿಸುತ್ತದೆ. ಹಾಗಾಗಿ ಬಿಳಿ ಎಂದರೆ ಎಲ್ಲ ಕಡೆಯೂ ಒಂದೇ ಬಿಳಿಯಲ್ಲ.

ಮೈಸೂರು ಸೀಮೆಗೆ ರೇಷ್ಮೆ ವ್ಯವಸ್ಥಿತವಾಗಿ ಬಂದದ್ದು 1780ರ ದಶಕದಲ್ಲಿ, ಟಿಪ್ಪು ಸುಲ್ತಾನನ ಆಸಕ್ತಿಯಿಂದ. ಇಲ್ಲಿನ ಹವೆಗೆ ಒಗ್ಗಿ ಉಳಿದ ಮೈಸೂರು ತಳಿಯ ಗೂಡು ಎರಡೂ ತುದಿ ಚೂಪಾದ, ಹಸಿರು ಬೆರೆತ ಹಳದಿಯದು. ವರ್ಷವಿಡೀ ಸಾಕಬಹುದಾದ ಗಟ್ಟಿ ಹುಳು ಅದು, ಆದರೆ ಅದರ ಎಳೆ ಗಿಡ್ಡ, ಸುಮಾರು 400 ಮೀಟರಿನೊಳಗೇ ಮುಗಿಯುತ್ತದೆ. ದ್ವಿತಳಿಯ ಎಳೆಯಾದರೋ 1,000 ಮೀಟರ್ ಮುಟ್ಟುತ್ತದೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆ ಎರಡನ್ನೂ ಕೂಡಿಸುವ ದಾರಿ ಹಿಡಿಯಿತು. ಇಲಾಖೆಯಲ್ಲಿದ್ದ ಜಪಾನಿನ ತಜ್ಞ ಯೊನೆಮುರ, ಎನ್. ರಾಮರಾವ್ ಅವರೊಂದಿಗೆ ಬರೆದ ರೇಷ್ಮೆ ಕೈಪಿಡಿಯನ್ನು 1925ರಲ್ಲಿ ಸರ್ಕಾರ ಪ್ರಕಟಿಸಿತು. ಇಂದಿನ ಮಿಶ್ರತಳಿ ಗೂಡಿನ ಮೂಲ ಆ ಪ್ರಯತ್ನಗಳಲ್ಲಿದೆ.

ಈ ಸಂಕರದಲ್ಲಿ ತಾಯಿ ಸಾಮಾನ್ಯವಾಗಿ ಮೈಸೂರು ತಳಿಯದೇ, ತಂದೆ ದ್ವಿತಳಿಯದು. ಮೊಟ್ಟೆ ಹತ್ತು ದಿನಕ್ಕೆ ಒಡೆಯಬೇಕೋ, ತಿಂಗಳುಗಟ್ಟಲೆ ನಿದ್ರಿಸಬೇಕೋ ಎಂಬುದು ತಾಯಿಯ ಕಡೆಯಿಂದ ನಿರ್ಧಾರವಾಗುವುದೇ ಇದಕ್ಕೆ ಕಾರಣ. ಬಣ್ಣವೂ ತಾಯಿಯದೇ, ಏಕೆಂದರೆ ಹಳದಿ ಪ್ರಬಲ ಗುಣ. ಬಿಳಿ ಒಳಗೇ ಅಡಗಿರುತ್ತದೆ. ರೈತ ಮಿಶ್ರತಳಿ ಗೂಡಿನಿಂದಲೇ ಮೊಟ್ಟೆ ಮಾಡಿಸಿದರೆ ಅಡಗಿದ್ದುದೆಲ್ಲ ಒಡೆದು ಚೆದುರುತ್ತದೆ: ಬಣ್ಣ ಮಾತ್ರವಲ್ಲ, ಎಳೆಯ ಉದ್ದ, ಗೂಡಿನ ತೂಕ ಎಲ್ಲವೂ. ಬಿತ್ತನೆಯನ್ನು ಪರವಾನಗಿಗೆ ಒಳಪಡಿಸಿದ 1959ರ ಕರ್ನಾಟಕದ ಕಾಯ್ದೆಯ ಹಿಂದೆ ಈ ವಿವೇಕ ಇದೆ.

ಹಳದಿ ಬರುವುದು ಹಿಪ್ಪುನೇರಳೆ ಎಲೆಯಿಂದ. ಎಲೆಯ ಕ್ಯಾರೊಟಿನಾಯ್ಡ್ ವರ್ಣಕ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ದಾಟಬೇಕು. ಅಂಥ ಹುಳುವಿನ ರಕ್ತವೇ ಹಳದಿಯಾಗಿರುವುದರಿಂದ ಅದರ ಹೊಟ್ಟೆಯ ಕಾಲುಗಳಲ್ಲೂ ಆ ಛಾಯೆ ಕಾಣುತ್ತದೆ. 2007ರಲ್ಲಿ ಜಪಾನಿನ ಸಕುದೊ ಮತ್ತು ಸಂಗಡಿಗರು, ವರ್ಣಕವನ್ನು ಹೊರುವ ಪ್ರೋಟೀನಿನ ಜೀನೇ ‘ಹಳದಿ ರಕ್ತ’ದ ಜೀನು ಎಂದು ತೋರಿಸಿದರು. ಬಿಳಿ ಹುಳುಗಳಲ್ಲಿ ಆ ಜೀನಿನ ಒಂದು ತುಣುಕು ಕಳೆದುಹೋಗಿ ಪ್ರೋಟೀನೇ ಕೈಕೊಟ್ಟಿರುತ್ತದೆ. ರೇಷ್ಮೆ ಗ್ರಂಥಿಯ ಬಾಗಿಲು ಕಾಯುವ ಮತ್ತೊಂದು ಜೀನು 2010ರಲ್ಲಿ ಸಿಕ್ಕಿತು. ಹಸಿರು ಛಾಯೆಯ ದಾರಿಯೇ ಬೇರೆ, ಅದು ಫ್ಲೇವನಾಯ್ಡ್‌ಗಳದು. ಇಷ್ಟೆಲ್ಲ ಬಣ್ಣ ಬಹುಪಾಲು ನಿಲ್ಲುವುದು ಎಳೆಯ ಮೇಲಿನ ಅಂಟಿನಲ್ಲಿ. ಅಂಟು ತೆಗೆದಾಗ ಬಣ್ಣವೂ ತೊಳೆದುಹೋಗುತ್ತದೆ. ನೇಯ್ಗೆಯ ಹೊತ್ತಿಗೆ ಮರೆಯಾಗುವ ಈ ಬಣ್ಣ ಬಿತ್ತನೆಯ ಹೊತ್ತಿಗೆ ಮಾತ್ರ ಬಹು ದೊಡ್ಡ ಸಾಕ್ಷಿ.

ಮೊಲದ ತುಪ್ಪಳಕ್ಕೆ ಇಂಥ ಡಿಎನ್‌ಎ ಗುರುತು ಒದಗಿದ್ದೂ ಹೆಚ್ಚುಕಡಿಮೆ ಇದೇ ಕಾಲಕ್ಕೆ. 2006ರಲ್ಲಿ ಇಟಲಿಯ ಫೊಂಟನೇಸಿ ತಂಡ ಕಪ್ಪು ಮತ್ತು ಕೆಂಪು ತುಪ್ಪಳಗಳನ್ನು ನಿರ್ಧರಿಸುವ ಜೀನಿನ ಬದಲಾವಣೆಗಳನ್ನು ಗುರುತಿಸಿತು. ಎರಡೂ ಕಡೆ ಅಗತ್ಯ ಒಂದೇ: ಮೈಮೇಲೆ ಕಾಣದೆ ಒಳಗೆ ಅಡಗಿದ ಗುಣವನ್ನು, ಮರಿ ಹುಟ್ಟಿಸಿ ನೋಡದೆ, ಮೊದಲೇ ಅರಿಯುವುದು.

ನಮ್ಮಲ್ಲಿ ಅದಕ್ಕೆ ಬೇಕಾದ ನೆಲೆ ಆಗಲೇ ಸಿದ್ಧವಾಗಿತ್ತು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1961ರದು. ವಿಜ್ಞಾನಿ ಜೆ. ನಾಗರಾಜು ಮತ್ತು ಅವರ ಸಹೋದ್ಯೋಗಿ 1995ರಲ್ಲೇ 13 ರೇಷ್ಮೆಹುಳು ತಳಿಗಳ ಡಿಎನ್‌ಎ ಬೆರಳಚ್ಚನ್ನು ಪ್ರಕಟಿಸಿದ್ದರು. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಬೆಂಗಳೂರಿನ ಕೊಡತಿಯಲ್ಲಿ ರೇಷ್ಮೆ ಜೈವಿಕ ತಂತ್ರಜ್ಞಾನಕ್ಕೇ ಮೀಸಲಾದ ಪ್ರಯೋಗಾಲಯವಿದೆ.

ಈಗ ಬಿತ್ತನೆಯ ಮಾತು. ಬಿಳಿ ದ್ವಿತಳಿಯೊಳಗೆ ಹಳದಿ ಬೆರೆತರೆ ಮೊದಲ ಬೆಳೆಯಲ್ಲೇ ಹಳದಿ ಗೂಡು ಕಂಡು ದೂರು ಹೇಳುತ್ತದೆ. ಮೈಸೂರು ತಳಿಯೊಳಗೆ ದ್ವಿತಳಿ ಬೆರೆತರೆ ಬಣ್ಣ ಏನನ್ನೂ ಹೇಳದು. ಗೂಡಿನ ಆಕಾರ ಮೊದಲು ಸುಳಿವು ಕೊಟ್ಟರೂ, ಮರಳಿ ಮೈಸೂರು ತಳಿಯೊಂದಿಗೇ ಕೂಡುತ್ತ ಹೋದಂತೆ ಆ ಸುಳಿವೂ ಮಸುಕಾಗುತ್ತದೆ. ಬಿಳಿ ಜೀನನ್ನು ಹೊತ್ತ ಎರಡು ಚಿಟ್ಟೆಗಳು ಕೂಡುವವರೆಗೂ ಗೂಡುಗಳೆಲ್ಲ ಹಳದಿಯೇ. ಕುಣಿಗಲ್, ಮಾಗಡಿ ಭಾಗದ ಬಿತ್ತನೆ ಬೆಳೆಗಾರರು ತಲೆಮಾರುಗಳಿಂದ ಕಾಪಾಡಿದ ತಳಿ ಇದು. ಶಿಡ್ಲಘಟ್ಟದ ಬಹುಪಾಲು ಹಳದಿ ಗೂಡುಗಳ ತಾಯಿಯ ಬೇರು ಇಲ್ಲಿದೆ. ಬಿಳಿಗೆ ಒಂದಕ್ಕಿಂತ ಹೆಚ್ಚು ದಾರಿಗಳಿರುವುದರಿಂದ ಒಂದು ಜೀನಿನ ಪರೀಕ್ಷೆ ಸಾಲದು. ಬಣ್ಣದ ಜೀನುಗಳ ಜೊತೆಗೆ ತಳಿಯ ಬೆರಳಚ್ಚನ್ನೂ ಸೇರಿಸಿ ನೋಡಬೇಕು. ರೇಷ್ಮೆ ಇಲಾಖೆಯೂ ಕೇಂದ್ರ ರೇಷ್ಮೆ ಮಂಡಳಿಯೂ ಮೈಸೂರು ತಳಿಯ ಮೂಲ ಬಿತ್ತನೆಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು. ಅದರ ಫಲಿತಾಂಶವನ್ನು ಮೊಟ್ಟೆಯ ಜೊತೆಯಲ್ಲೇ ರೈತರ ಕೈಗೆ ಕೊಡಬೇಕು.